ಪ್ಲೇಗು, ಮನೆ ಮತ್ತು ನಡವಳಿಕೆ: ಮೈಸೂರು ಸೀಮೆಯ ಅನುಭವದ ಒಂದು ವಿವೇಚನೆ

1

ಜನರ ಆರೋಗ್ಯವು ಅವರವರ ನಡವಳಿಕೆಯ ಫಲವೋ, ಅಥವಾ ಅವರು ಬಾಳುವ ನೆಲ, ನೀರು, ಮನೆ, ಕಸುಬು ಮುಂತಾದ ಸನ್ನಿವೇಶಗಳ ಫಲವೋ ಎಂಬ ಪ್ರಶ್ನೆಯು ಹೊಸದಲ್ಲ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಈ ಪ್ರಶ್ನೆಯು ಸ್ಪಷ್ಟವಾದ ರೂಪದಲ್ಲಿಯೇ ಎದ್ದಿದೆ. ಪ್ರಕೃತಿ, ಆಹಾರ, ದೇಹಬಲ, ವಯಸ್ಸು ಇವುಗಳಲ್ಲಿ ಒಬ್ಬರಿಗಿಂತ ಒಬ್ಬರು ಬೇರೆಯಾಗಿರುವ ಜನರು ಒಂದೇ ಕಾಲದಲ್ಲಿ ಒಂದೇ ವ್ಯಾಧಿಯಿಂದ ನಾಶಹೊಂದುವುದು ಹೇಗೆ ಎಂದು ಅಗ್ನಿವೇಶನು ಗುರುವಾದ ಆತ್ರೇಯನನ್ನು ಕೇಳುತ್ತಾನೆ. ಮಿಕ್ಕ ವಿಷಯಗಳಲ್ಲಿ ಜನರು ಎಷ್ಟೇ ಬೇರೆಯಾಗಿದ್ದರೂ ಗಾಳಿ, ನೀರು, ದೇಶ, ಕಾಲ ಎಂಬ ನಾಲ್ಕು ಅವರೆಲ್ಲರಿಗೂ ಸಮಾನವಾದವು. ಅವು ಕೆಟ್ಟಾಗ ಜನಪದವೇ ಕೆಡುತ್ತದೆ ಎಂಬುದು ಆತ್ರೇಯನ ಉತ್ತರದ ತಾತ್ಪರ್ಯ. ಅವು ಕೆಡುವುದಕ್ಕೆ ಅಧರ್ಮವೇ ಮೂಲವೆಂದೂ, ಆ ಅಧರ್ಮವು ದೇಶ ನಗರಗಳ ಮುಖ್ಯರಿಂದ ಮೊದಲಾಗಿ ಕೆಳಗಿನವರಿಗೆ ಹಬ್ಬುವುದೆಂದೂ ಅಲ್ಲಿ ಹೇಳಿದೆ. ವೈಯಕ್ತಿಕವಾದ ದಿನಚರ್ಯೆ, ಪಥ್ಯಾಪಥ್ಯಗಳಿಗೆ ಅಷ್ಟೊಂದು ಗಮನ ಕೊಟ್ಟ ಶಾಸ್ತ್ರವೇ ಸಾಂಕ್ರಾಮಿಕ ಜಾಡ್ಯಗಳ ವಿಷಯ ಬಂದಾಗ ವ್ಯಕ್ತಿಯನ್ನು ದಾಟಿ ಊರನ್ನೂ ಊರನ್ನಾಳುವವರನ್ನೂ ನೋಡಿತೆಂಬುದು ಗಮನಿಸತಕ್ಕ ಸಂಗತಿ.

ನಮ್ಮ ಕಾಲದಲ್ಲಿ ಈ ಪ್ರಶ್ನೆಯನ್ನು ಸಾಮಾನ್ಯವಾಗಿ ವೈದ್ಯಶಾಸ್ತ್ರಕ್ಕೂ ಸಮಾಜಶಾಸ್ತ್ರಕ್ಕೂ ಬಿಟ್ಟುಕೊಡುತ್ತೇವೆ. ಆದರೆ ಇದಕ್ಕೆ ಚರಿತ್ರೆಯ ಮುಖವೊಂದುಂಟು. ರೋಗವೊಂದು ಬಂದಾಗ ಅದಕ್ಕೆ ಕಾರಣ ಯಾವುದೆಂದು ಅಧಿಕಾರದಲ್ಲಿದ್ದವರು ನಿರ್ಣಯಿಸುತ್ತಾರೋ ಅದರ ಮೇಲೆ ಯಾರನ್ನು ದೂರಬೇಕು, ಯಾರ ಮನೆಯನ್ನು ಶೋಧಿಸಬೇಕು, ಯಾವುದಕ್ಕೆ ಹಣ ವೆಚ್ಚ ಮಾಡಬೇಕು ಎಂಬುದೆಲ್ಲವೂ ನಿಂತಿರುತ್ತದೆ. ಈ ಲೇಖನದಲ್ಲಿ ನಾವು 1898ರಿಂದ ಮೊದಲಾಗಿ ಮೈಸೂರು ಸಂಸ್ಥಾನವನ್ನು ಕಾಡಿದ ಪ್ಲೇಗಿನ ಚರಿತ್ರೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುತ್ತೇವೆ. ಜಾಡ್ಯದ ಪೂರ್ಣ ಚರಿತ್ರೆಯನ್ನು ಬರೆಯುವುದು ನಮ್ಮ ಉದ್ದೇಶವಲ್ಲ. ಜನರ ನಡವಳಿಕೆಯೆಂದು ಅಂದು ಯಾವುದನ್ನು ಕರೆದರು, ಅದರಲ್ಲಿ ಎಷ್ಟು ಭಾಗ ನಿಜವಾಗಿಯೂ ಅವರ ಇಚ್ಛೆಗೆ ಒಳಪಟ್ಟಿತ್ತು ಎಂಬುದಿಷ್ಟನ್ನೇ ಇಲ್ಲಿ ವಿಚಾರಮಾಡುತ್ತೇವೆ.

2

ಹಾಂಗ್‌ಕಾಂಗಿನಲ್ಲಿ 1894ರಲ್ಲಿ ಪ್ಲೇಗು ತಲೆದೋರಿದಾಗ ಯೆರ್ಸಿನ್ ಮತ್ತು ಕಿಟಸಾಟೋ ಎಂಬ ವಿಜ್ಞಾನಿಗಳು ಆ ರೋಗದ ಸೂಕ್ಷ್ಮಜೀವಿಯನ್ನು ಕಂಡುಹಿಡಿದರು. 1896ರಲ್ಲಿ ರೋಗವು ಮುಂಬಯಿಯನ್ನು ಮುಟ್ಟಿತು. ಬಂದರಿನ ಹತ್ತಿರ ಧಾನ್ಯದ ಉಗ್ರಾಣಗಳಿಂದ ಕಿಕ್ಕಿರಿದಿದ್ದ ಮಾಂಡವಿ ಎಂಬ ಪೇಟೆಯಲ್ಲಿ ಅದು ಮೊದಲು ಕಾಣಿಸಿಕೊಂಡುದು ಆಕಸ್ಮಿಕವಲ್ಲವೆಂಬುದನ್ನು ಮುಂದೆ ನೋಡುವೆವು. ಅಲ್ಲಿಂದ ಅದು ರೈಲುದಾರಿಗಳನ್ನೂ ವ್ಯಾಪಾರದ ಸರಕನ್ನೂ ಹಿಡಿದು ಒಳನಾಡಿಗೆ ನಡೆದು, ಹುಬ್ಬಳ್ಳಿ ಧಾರವಾಡಗಳನ್ನು ದಾಟಿ, 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ಹೊಕ್ಕಿತು. ಆಗ ಸಂಸ್ಥಾನದಲ್ಲಿ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಗಳಾಗಿದ್ದರು, ಕೆ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದರು. ಮುಂದೆ ದಿವಾನ ಪದವಿಗೇರಿದ ವಿ. ಪಿ. ಮಾಧವರಾಯರನ್ನು ಪ್ಲೇಗು ಕಮಿಷನರನ್ನಾಗಿ ನೇಮಿಸಲಾಯಿತು.

ಸೂಕ್ಷ್ಮಜೀವಿಯು ಯಾವುದೆಂದು ತಿಳಿದಿದ್ದರೂ ಅದು ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ಹೋಗುತ್ತದೆಂಬುದು ಅಂದು ತಿಳಿದಿರಲಿಲ್ಲ. ಈ ತೆರವನ್ನು ತುಂಬಿದುದು ಹಳೆಯದಾದ ಒಂದು ನಂಬಿಕೆ: ಜಾಡ್ಯವು ಕೊಳೆಯಿಂದ ಹುಟ್ಟುತ್ತದೆ, ಕೊಳೆಯು ಜನರ ದುರಭ್ಯಾಸದಿಂದ ಹುಟ್ಟುತ್ತದೆ ಎಂಬುದು. ಇಕ್ಕಟ್ಟಾದ ಮನೆ, ಬೆಳಕಿಲ್ಲದ ಕೋಣೆ, ಸೆಗಣಿ ಸಾರಿಸಿದ ನೆಲ, ಕಾಯಿಲೆಯವರ ಸುತ್ತ ನೆಂಟರಿಷ್ಟರು ನೆರೆಯುವ ವಾಡಿಕೆ, ರೋಗವನ್ನು ಅಧಿಕಾರಿಗಳಿಂದ ಮುಚ್ಚಿಡುವ ಪ್ರವೃತ್ತಿ ಇವೆಲ್ಲವೂ ಒಂದೇ ಪಟ್ಟಿಯಲ್ಲಿ ಸೇರಿದವು. ಇವುಗಳಲ್ಲಿ ಮೊದಲ ಎರಡು ಬಡತನದ ಲಕ್ಷಣಗಳು, ಮೂರನೆಯದು ಮನೆವಾರ್ತೆಯ ಪದ್ಧತಿ, ನಾಲ್ಕನೆಯದು ಬಂಧುಧರ್ಮ, ಕೊನೆಯದು ಭಯ. ಹೀಗೆ ಬೇರೆಬೇರೆ ಜಾತಿಯ ಸಂಗತಿಗಳನ್ನು ಒಟ್ಟುಗೂಡಿಸಿ ‘ಜನರ ಅಭ್ಯಾಸ’ ಎಂಬ ಒಂದೇ ಹೆಸರನ್ನು ಕೊಟ್ಟುದೇ ಆ ಕಾಲದ ಆಲೋಚನೆಯ ಮೂಲದೋಷವೆಂದು ನಮಗೆ ತೋರುತ್ತದೆ.

ಈ ನಂಬಿಕೆಗೆ ಕಾಯಿದೆಯ ಬಲವೂ ದೊರೆಯಿತು. ಬ್ರಿಟಿಷ್ ಇಂಡಿಯಾದಲ್ಲಿ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯು ಮನೆಗಳನ್ನು ಶೋಧಿಸುವ, ರೋಗಿಗಳನ್ನು ಬೇರೆಯಿಡುವ, ಪ್ರಯಾಣಿಕರನ್ನು ತಡೆದು ಪರೀಕ್ಷಿಸುವ ಅಧಿಕಾರವನ್ನು ಸರ್ಕಾರಕ್ಕೆ ಒದಗಿಸಿತು. ಪುಣೆಯಲ್ಲಿ ಸಿಪಾಯಿಗಳು ಮನೆಮನೆಯ ಒಳಕೋಣೆಗಳನ್ನು ಹೊಕ್ಕು ಶೋಧಿಸಿದುದೂ, ಅದರಿಂದ ಕೆರಳಿದ ಚಾಪೇಕರ್ ಸಹೋದರರು 1897ರ ಜೂನ್ 22ರಂದು ಪ್ಲೇಗು ಅಧಿಕಾರಿಯಾಗಿದ್ದ ರ‍್ಯಾಂಡ್ ಎಂಬವರ ಮೇಲೆ ಗುಂಡು ಹಾರಿಸಿದುದೂ ಪ್ರಸಿದ್ಧವಾದ ಸಂಗತಿಗಳು. ಮೈಸೂರು ಸಂಸ್ಥಾನದ ಕ್ರಮಗಳು ಪುಣೆಯಷ್ಟು ಒರಟಾಗಿ ನಡೆಯದಿದ್ದರೂ ಅವುಗಳ ಹಿಂದೆ ಇದ್ದ ಕಲ್ಪನೆಯು ಬೇರೆಯಾಗಿರಲಿಲ್ಲ. 1898ರಲ್ಲಿಯೇ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಜನರು ಪ್ಲೇಗು ನಿಬಂಧನೆಗಳನ್ನು ಪ್ರತಿಭಟಿಸಿ ಗುಂಪುಗೂಡಿ, ಗಲಭೆಯೇ ಆಯಿತು.

3

ಅಂದಿನ ನಂಬಿಕೆಯ ತಪ್ಪನ್ನು ತಿಳಿಯಬೇಕಾದರೆ ರೋಗವು ಹರಡುವ ಕ್ರಮವನ್ನು ಸಂಗ್ರಹವಾಗಿ ನೋಡುವುದು ಅವಶ್ಯಕ. ಗಡ್ಡೆಯೇಳುವ ಪ್ಲೇಗು ಮೂಲತಃ ಇಲಿಗಳ ರೋಗ. ಇಲಿಯ ಮೈಮೇಲಿನ ಚಿಗಟವು ರೋಗಗ್ರಸ್ತವಾದ ಇಲಿಯ ರಕ್ತವನ್ನು ಹೀರಿ ತಾನೂ ಸೂಕ್ಷ್ಮಜೀವಿಗಳಿಂದ ತುಂಬಿಕೊಳ್ಳುತ್ತದೆ. ಇಲಿಯು ಸತ್ತು ಅದರ ಮೈ ತಣ್ಣಗಾದಾಗ ಚಿಗಟವು ಅದನ್ನು ಬಿಟ್ಟು ಬೇರೆ ಇಲಿಯನ್ನು ಹುಡುಕುತ್ತದೆ. ಇಲಿಗಳೆಲ್ಲ ಸತ್ತು ಮುಗಿದಾಗ ಮನುಷ್ಯನನ್ನು ಕಚ್ಚುತ್ತದೆ. ಆದಕಾರಣ ಮೊದಲು ಮನೆಯಲ್ಲಿ ಇಲಿ ಬೀಳುವುದು, ಕೆಲವು ದಿನಗಳ ಮೇಲೆ ಮನುಷ್ಯರು ಬೀಳುವುದು ಈ ಜಾಡ್ಯದ ಕ್ರಮ. ಗಡ್ಡೆಯ ಪ್ಲೇಗಿನಿಂದ ನರಳುವ ರೋಗಿಯನ್ನು ಮುಟ್ಟುವುದರಿಂದ ಸಾಮಾನ್ಯವಾಗಿ ರೋಗವು ಅಂಟುವುದಿಲ್ಲ. ಅದು ಶ್ವಾಸಕೋಶಕ್ಕೆ ಇಳಿದಾಗ ಮಾತ್ರ ಕೆಮ್ಮಿನ ತುಂತುರಿನಿಂದ ನೇರವಾಗಿ ಹರಡುತ್ತದೆ.

ಪಾಲ್ ಲೂಯಿ ಸಿಮೋನ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ 1898ರ ಜೂನ್ ತಿಂಗಳಲ್ಲಿಯೇ, ಎಂದರೆ ಬೆಂಗಳೂರಿಗೆ ಪ್ಲೇಗು ಬರುವುದಕ್ಕೆ ಎರಡು ತಿಂಗಳು ಮೊದಲೇ, ಚಿಗಟದ ಪಾತ್ರವನ್ನು ಪ್ರಯೋಗದಿಂದ ತೋರಿಸಿದ್ದನು. ಆದರೆ ಸರ್ಕಾರವು ನೇಮಿಸಿದ ಮೊದಲ ಪ್ಲೇಗು ಆಯೋಗವು ಅವನ ಮಾತನ್ನು ಒಪ್ಪಲಿಲ್ಲ. 1905ರ ಅನಂತರ ಮುಂಬಯಿಯಲ್ಲಿ ನಡೆದ ವಿಸ್ತಾರವಾದ ಸಂಶೋಧನೆಗಳಿಂದಲೇ ಅದು ಸ್ಥಿರಪಟ್ಟಿತು. ಆ ಪ್ರಯೋಗಗಳಲ್ಲಿ ಒಂದು ನಮ್ಮ ವಿಷಯಕ್ಕೆ ಬಹಳ ಹತ್ತಿರವಾದುದು. ಸೋಂಕಿನ ಚಿಗಟಗಳಿದ್ದ ಕೋಣೆಯಲ್ಲಿ ಗಿನಿಹಂದಿಗಳನ್ನು ಪಂಜರದಲ್ಲಿಟ್ಟು ಬೇರೆಬೇರೆ ಎತ್ತರದಲ್ಲಿ ತೂಗುಹಾಕಿದರು. ನೆಲದಿಂದ ಎರಡು ಅಂಗುಲದ ಮೇಲಿದ್ದವುಗಳಿಗೆ ರೋಗ ತಗುಲಿತು. ಎರಡು ಅಡಿ ಮೇಲಿದ್ದವು ಪಾರಾದವು. ಇಲಿಯ ಚಿಗಟವು ಹೆಚ್ಚು ಎತ್ತರಕ್ಕೆ ನೆಗೆಯಲಾರದು. ಮಂಚದ ಮೇಲೆ ಮಲಗುವವನಿಗೂ ಚಾಪೆಯ ಮೇಲೆ ಮಲಗುವವನಿಗೂ ಇರುವ ಅಂತರವು ಬದುಕು ಸಾವುಗಳ ಅಂತರವಾಗಬಲ್ಲದೆಂಬುದು ಇದರಿಂದ ಹೊರಡುವ ಅರ್ಥ. ಚಾಪೆಯ ಮೇಲೆ ಮಲಗುವುದು ಅಭ್ಯಾಸವೇ ಸರಿ. ಆದರೆ ಅದು ಎಂಥ ಅಭ್ಯಾಸ? ಮಂಚವನ್ನು ಕೊಳ್ಳಬಲ್ಲವನಾಗಿದ್ದು, ಅದನ್ನು ಹಾಕುವಷ್ಟು ಸ್ಥಳವಿದ್ದೂ ನೆಲದ ಮೇಲೆ ಮಲಗುವವನಿಗೆ ಮಾತ್ರ ಅದು ಇಚ್ಛೆಯ ವಿಷಯ.

ಮನೆಯ ರಚನೆಯ ವಿಷಯವೂ ಇಂಥದೇ. ಮಣ್ಣಿನ ಗೋಡೆ, ನಾಡಹೆಂಚಿನ ಮಾಡು, ಅಟ್ಟದ ಮೇಲೆ ಸಾಮಾನು, ಮೂಲೆಯಲ್ಲಿ ವಾಡೆ ಗುಡಾಣಗಳಲ್ಲಿ ವರ್ಷದ ಧಾನ್ಯ, ಇದು ನಮ್ಮ ಕಡೆಯ ಸಾಮಾನ್ಯ ಒಕ್ಕಲುಮನೆಯ ರೂಪ. ಧಾನ್ಯವನ್ನು ಮನೆಯಲ್ಲಿ ಕೂಡಿಡುವುದು ದುರಭ್ಯಾಸವಲ್ಲ, ವಿವೇಕ. 1876ರಿಂದ 1878ರ ವರೆಗಿನ ಭೀಕರ ಕ್ಷಾಮವನ್ನು ಕಂಡ ತಲೆಮಾರಿನವರು 1898ರಲ್ಲಿ ಇನ್ನೂ ಬದುಕಿದ್ದರು. ಮನೆಯಲ್ಲಿ ಕಾಳಿಲ್ಲದಿದ್ದರೆ ಏನಾಗುವುದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ವಿಪತ್ತಿನಿಂದ ಪಾರಾಗಲು ಕಲಿತ ನಡವಳಿಕೆಯೇ ಮತ್ತೊಂದು ವಿಪತ್ತಿಗೆ ಬಾಗಿಲು ತೆರೆಯಿತು. ಪೇಟೆಯಲ್ಲಿ ಅಂಗಡಿಯ ಹಿಂದೆಯೋ ಮೇಲೆಯೋ ಸಂಸಾರವು ವಾಸಿಸುತ್ತಿದ್ದುದರಿಂದ ಧಾನ್ಯದ ಮೂಟೆಗಳಿಗೂ ಮಕ್ಕಳ ಹಾಸಿಗೆಗೂ ನಡುವೆ ಒಂದು ಗೋಡೆಯಷ್ಟೇ ಅಂತರ. ಮುಂಬಯಿಯ ಮಾಂಡವಿಯಲ್ಲಿ ರೋಗವು ಮೊದಲು ತೋರಿಕೊಂಡುದರ ರಹಸ್ಯವೂ ಇದೇ. ಪ್ಲೇಗು ಹಿಡಿದುದು ಧಾನ್ಯದ ಜಾಡನ್ನು.

ಇನ್ನು ಕೊಳೆಯನ್ನು ತೊಳೆಯುವ ಕ್ರಮಗಳು. ಕಾರ್ಬಾಲಿಕ್ ಆಮ್ಲ, ಫಿನೈಲು, ಸುಣ್ಣಗಳಿಂದ ಮನೆಗಳನ್ನೂ ಚರಂಡಿಗಳನ್ನೂ ತೊಳೆದುದು, ಮಾಡಿನ ಹೆಂಚು ತೆಗೆದು ಬಿಸಿಲು ಬಿಟ್ಟುದು, ಬಟ್ಟೆಬರೆಗಳನ್ನು ಸುಟ್ಟುದು ಇವು ಅಂದಿನ ಮುಖ್ಯ ಉಪಾಯಗಳು. ಬಿಸಿಲು ಗಾಳಿಗಳಿಂದ ಸ್ವಲ್ಪ ಪ್ರಯೋಜನವಾಗಿರಬಹುದು. ಆದರೆ ಒಂದು ಮನೆಯನ್ನು ಔಷಧದ ನೀರಿನಿಂದ ತೊಳೆದಾಗ ಅಲ್ಲಿಯ ಇಲಿಗಳು ನೆರೆಮನೆಗೆ ಓಡಿ ರೋಗವನ್ನು ಅಲ್ಲಿಗೆ ಒಯ್ದುದೂ ಉಂಟು. ಜನರ ದುರಭ್ಯಾಸವನ್ನು ತಿದ್ದಲೆಂದು ಕೈಗೊಂಡ ಕ್ರಮವು ಜನರಿಗೆ ಅಪಾಯವನ್ನೇ ಹೆಚ್ಚಿಸಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

4

ಹಾಗಾದರೆ ಜನರ ನಡವಳಿಕೆಗೆ ಈ ಜಾಡ್ಯದಲ್ಲಿ ಸ್ಥಾನವೇ ಇರಲಿಲ್ಲವೆ? ಇತ್ತು, ಮತ್ತು ಅದು ಸಾಮಾನ್ಯವಾದ ಸ್ಥಾನವಲ್ಲ. ಇಲಿ ಬಿದ್ದ ಕೂಡಲೇ ಮನೆಯನ್ನು ಬಿಟ್ಟು ಊರ ಹೊರಗೆ ಹೋಗಿ ವಾಸಮಾಡುವುದೇ ಚುಚ್ಚುಮದ್ದು ಹರಡುವುದಕ್ಕೆ ಮುನ್ನ ಪ್ರಾಣವನ್ನು ಉಳಿಸಿದ ಅತಿ ಮುಖ್ಯವಾದ ಉಪಾಯ. ಹಿಮಾಲಯದ ಗಢವಾಲ ಕುಮಾವೂಂ ಪ್ರಾಂತಗಳ ಹಳ್ಳಿಗರು ಇದನ್ನು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಿಂದಲೂ ಆಚರಿಸುತ್ತಿದ್ದರು. ಇಲಿಗಳು ಸಾಯತೊಡಗಿದೊಡನೆ ಅವರು ಹಳ್ಳಿಯನ್ನೇ ತೊರೆಯುತ್ತಿದ್ದರು. ನಮ್ಮ ಸೀಮೆಯಲ್ಲಿಯೂ ಒಂದೆರಡು ವರ್ಷಗಳ ಅನುಭವದಿಂದಲೇ ಜನರು ಇದನ್ನು ಕಲಿತುಕೊಂಡರು. ‘ಇಲಿ ಬಿತ್ತು’ ಎಂಬ ಎರಡು ಮಾತು ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಊರಿಗೆ ಊರೇ ಗಂಟುಮೂಟೆ ಕಟ್ಟುವುದಕ್ಕೆ ಸಾಕಾದ ಸೂಚನೆಯಾಯಿತು. ಹೊಲ ತೋಟಗಳಲ್ಲಿ ಸೋಗೆ, ತೆಂಗಿನ ಗರಿ, ಜೋಳದ ಕಡ್ಡಿಗಳಿಂದ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಕಳೆದು, ಬಿಸಿಲು ಬಲಿತು ರೋಗವು ಇಳಿದ ಮೇಲೆ ಹಿಂದಿರುಗುವುದು ಎಷ್ಟೋ ಊರುಗಳಲ್ಲಿ ವರ್ಷದ ಪದ್ಧತಿಯಂತೆಯೇ ಆಯಿತು. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಓದಿದವರಿಗೆ ಈ ಬಾಳಿನ ಚಿತ್ರವು ಅಪರಿಚಿತವಲ್ಲ.

ಚಿಗಟದ ವಿಷಯ ವಿಜ್ಞಾನಕ್ಕೆ ದೃಢಪಡುವ ಮುನ್ನವೇ ಜನರು ಸರಿಯಾದ ನಡವಳಿಕೆಯನ್ನು ಕಂಡುಕೊಂಡಿದ್ದರೆಂಬುದು ಇಲ್ಲಿ ಮುಖ್ಯ. ಅವರು ಕೊಟ್ಟುಕೊಂಡ ಕಾರಣಗಳು ಬೇರೆ. ಮಾರಿಯ ಕೋಪವೆಂದು ಕೆಲವರು, ಮನೆಯ ನೆಲದಲ್ಲಿ ವಿಷಗಾಳಿಯೆದ್ದಿತೆಂದು ಕೆಲವರು ಭಾವಿಸಿದರು. ಪ್ಲೇಗಿನ ಮಾರಿಯಮ್ಮನಿಗೆ ಗುಡಿಗಳು ಎದ್ದವು. ಬೆಂಗಳೂರಿನಲ್ಲಿ ಅಂಥವು ಇಂದಿಗೂ ಪೂಜೆಗೊಳ್ಳುತ್ತಿವೆ. ಆದರೆ ಕಾರಣವನ್ನು ಹೇಗೆ ವಿವರಿಸಿಕೊಂಡರೂ ಅವರು ನೋಡಿದುದು ಸರಿಯಾಗಿತ್ತು: ಮೊದಲು ಇಲಿ, ಅನಂತರ ಮನುಷ್ಯ, ಅಪಾಯವಿರುವುದು ರೋಗಿಯಲ್ಲಿ ಅಲ್ಲ, ಮನೆಯಲ್ಲಿ. ಅಧಿಕಾರಿಗಳಾದರೋ ಸೂಕ್ಷ್ಮಜೀವಿಯ ಹೆಸರನ್ನು ಬಲ್ಲವರಾಗಿದ್ದೂ ಕೆಲವು ವರ್ಷ ರೋಗಿಯ ಹಿಂದೆ ಓಡಿದರು. ಅವಿದ್ಯೆಯೆಲ್ಲ ಒಂದು ಪಕ್ಷದಲ್ಲಿಯೂ ತಿಳಿವಳಿಕೆಯೆಲ್ಲ ಇನ್ನೊಂದು ಪಕ್ಷದಲ್ಲಿಯೂ ಇತ್ತೆಂದು ಹೇಳುವ ಚರಿತ್ರೆಯು ಈ ಸಂಗತಿಯನ್ನು ಗಮನಿಸಿದರೆ ನಿಲ್ಲಲಾರದು. ಸಂಸ್ಥಾನದ ಸರ್ಕಾರವು ಕ್ರಮೇಣ ಊರು ಬಿಡುವುದನ್ನೇ ಮುಖ್ಯವಾದ ಪರಿಹಾರವಾಗಿ ಒಪ್ಪಿ, ಕ್ಯಾಂಪುಗಳನ್ನು ಏರ್ಪಡಿಸಿ, ಬಲಾತ್ಕಾರವನ್ನು ಸಡಿಲಿಸಿದುದು ಅದರ ವಿವೇಕವನ್ನು ತೋರಿಸುತ್ತದೆ.

ಆದರೆ ಈ ಒಳ್ಳೆಯ ನಡವಳಿಕೆಯನ್ನು ಆಚರಿಸುವ ಶಕ್ತಿಯು ಎಲ್ಲರಿಗೂ ಒಂದೇ ಸಮನಾಗಿರಲಿಲ್ಲ. ಹೊಲ ತೋಟವುಳ್ಳವನಿಗೆ ಗುಡಿಸಲು ಕಟ್ಟಲು ನೆಲವಿತ್ತು. ಇತರರಿಗೆ ಬೇರೆಯವರ ನೆಲದ ಹಂಗು. ಮಗ್ಗವಿಲ್ಲದೆ ನೇಯ್ಗೆಯವನಿಗೆ ಅನ್ನವಿಲ್ಲ. ಮಗ್ಗವನ್ನು ಬಯಲಿಗೆ ಒಯ್ಯುವುದೂ ಸುಲಭವಲ್ಲ. ಕೂಲಿಯವನು ರಾತ್ರಿ ಕ್ಯಾಂಪಿನಲ್ಲಿ ಮಲಗಿದರೂ ಹಗಲು ಧಾನ್ಯದ ಮಂಡಿಯಲ್ಲಿ ಮೂಟೆ ಹೊರಲೇಬೇಕು, ಎಂದರೆ ಚಿಗಟಗಳ ನಡುವೆಯೇ ಇರಬೇಕು. ಬಿಟ್ಟುಹೋದ ಮನೆಗೆ ಕಳ್ಳರ ಭಯ ಬೇರೆ. ಬಾಣಂತಿ, ಮುದುಕರು, ಎಳೆಯ ಮಕ್ಕಳು ಇರುವ ಮನೆಯವರು ಮಾಗಿಯ ಚಳಿಯಲ್ಲಿ ಬಯಲಿಗೆ ಹೋಗಲು ಹಿಂಜರಿದರೆ ಅದನ್ನು ಮೌಢ್ಯವೆನ್ನುವುದು ಹೇಗೆ? ಪಂಜಾಬಿನಲ್ಲಿ ಪ್ಲೇಗಿನಿಂದ ಗಂಡಸರಿಗಿಂತ ಹೆಂಗಸರೇ ಹೆಚ್ಚಾಗಿ ಸತ್ತರೆಂಬುದು ಅಲ್ಲಿಯ ಲೆಕ್ಕಗಳಿಂದ ತಿಳಿದುಬರುತ್ತದೆ. ಹೆಂಗಸರ ದೇಹವು ಬೇರೆಯೆಂದಲ್ಲ. ದಿನದ ಬಹುಭಾಗವನ್ನು ಇಲಿಗಳಿದ್ದ ಮನೆಯೊಳಗೆ ಕಳೆಯುತ್ತಿದ್ದವರೂ ರೋಗಿಗಳ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಶುಶ್ರೂಷೆ ಮಾಡುತ್ತಿದ್ದವರೂ ಅವರೇ. ಅದೇ ಕಾಲದಲ್ಲಿ ಯುರೋಪಿಯನ್ನರಿಗೆ ಈ ರೋಗ ತಗುಲಿದುದು ಬಹಳ ಅಪರೂಪ. ಅದನ್ನು ಜನಾಂಗದ ಗುಣವೆಂದೂ ಶುಚಿಯಾದ ಅಭ್ಯಾಸಗಳ ಫಲವೆಂದೂ ಬಗೆದವರುಂಟು. ಹರವಾದ ಬಂಗಲೆ, ಗಟ್ಟಿಯಾದ ನೆಲಗಟ್ಟು, ಎತ್ತರವಾದ ಮಂಚ, ಧಾನ್ಯದ ಉಗ್ರಾಣದಿಂದ ದೂರ ಇವುಗಳಿಂದಲೇ ಅದನ್ನು ವಿವರಿಸಬಹುದಾಗಿದೆ.

5

ಚುಚ್ಚುಮದ್ದಿನ ಚರಿತ್ರೆಯು ನಡವಳಿಕೆಯ ಮತ್ತೊಂದು ಮುಖವನ್ನು ತೋರಿಸುತ್ತದೆ. ಹಾಫ್‌ಕಿನ್ ಎಂಬ ವಿಜ್ಞಾನಿಯು ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡನು. 1898ರಲ್ಲಿ ಹುಬ್ಬಳ್ಳಿಯಲ್ಲಿ ಅದರ ಪ್ರಯೋಗವು ಬಹಳ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಸುಮಾರು 50,000 ಜನರಿದ್ದ ಆ ಊರಿನಲ್ಲಿ ಕೆಲವೇ ತಿಂಗಳುಗಳೊಳಗೆ 38,000ಕ್ಕೂ ಹೆಚ್ಚು ಜನರು ಸೂಜಿ ಚುಚ್ಚಿಸಿಕೊಂಡರು. ಹೊಸದೆಂದರೆ ಹೆದರುವ ಜನರೆಂದು ಹೆಸರು ಹೊತ್ತವರೇ ಹೀಗೆ ಮುಂದೆ ಬಂದುದು ವಿಚಾರಾರ್ಹ. ಕಣ್ಣೆದುರಿಗೆ ಚುಚ್ಚಿಸಿಕೊಂಡವರು ಉಳಿದುದನ್ನೂ ಚುಚ್ಚಿಸಿಕೊಳ್ಳದವರು ಸತ್ತುದನ್ನೂ ಕಂಡರೆ ಜನರು ಲೆಕ್ಕ ಹಾಕದೆ ಇರುವುದಿಲ್ಲ. ಲಸಿಕೆ ಹಾಕಿಸಿಕೊಂಡವರಿಗೆ ಪ್ಲೇಗು ನಿಬಂಧನೆಗಳಿಂದ ಅಲ್ಲಲ್ಲಿ ವಿನಾಯಿತಿಗಳು ದೊರೆಯುತ್ತಿದ್ದುದೂ ಒಂದು ಪ್ರೇರಣೆಯಾಗಿತ್ತು.

ಆದರೆ ನಂಬಿಕೆಯು ಕಟ್ಟುವುದಕ್ಕೆ ನಿಧಾನ, ಮುರಿಯುವುದಕ್ಕೆ ಕ್ಷಣ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಜನರು ಧನುರ್ವಾಯುವಿನಿಂದ ಮೃತಪಟ್ಟರು. ಆ ಒಂದು ಸೀಸೆಯು ಕಲುಷಿತವಾಗಿತ್ತು. ಹಾಫ್‌ಕಿನ್ ಕೆಲವು ವರ್ಷಗಳ ಮೇಲೆ ದೋಷಮುಕ್ತನಾದರೂ ಸುದ್ದಿಯು ದೇಶದಲ್ಲೆಲ್ಲ ಹಬ್ಬಿ, ಸೂಜಿಯೆಂದರೆ ಜನರು ಹಿಮ್ಮೆಟ್ಟುವಂತಾಯಿತು. ಇದನ್ನು ಕೇವಲ ಅಂಧಶ್ರದ್ಧೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಮನೆಯ ಒಳಕೋಣೆಗೆ ಸಿಪಾಯಿ ನುಗ್ಗಿದುದನ್ನು ಕಂಡವನು, ಆಸ್ಪತ್ರೆಗೆ ಒಯ್ದ ನೆಂಟನು ಹಿಂದಿರುಗದುದನ್ನು ಕಂಡವನು, ಅದೇ ಸರ್ಕಾರದ ಕೈಯಲ್ಲಿರುವ ಸೂಜಿಯನ್ನು ಶಂಕಿಸಿದರೆ ಅವನು ತನ್ನ ಅನುಭವದ ಮೇಲೆಯೇ ನಡೆದನೆನ್ನಬೇಕು. ರೋಗವನ್ನು ಮುಚ್ಚಿಡುವ ಅಭ್ಯಾಸವೂ ಹೀಗೆಯೇ ಹುಟ್ಟಿದುದು. ಹೇಳಿದವನ ಮನೆಯ ಮಾಡು ಕಿತ್ತುಹೋಗುವುದೂ, ಮಗುವು ತಾಯಿಯಿಂದ ಬೇರೆಯಾಗುವುದೂ ನಿಶ್ಚಯವಾಗಿರುವಲ್ಲಿ ಹೇಳದೆ ಇರುವುದು ಯಾರಿಗೂ ಸಹಜ. ಆಳುವವರ ನಡವಳಿಕೆಯೂ ಆಳಿಸಿಕೊಳ್ಳುವವರ ನಡವಳಿಕೆಗೆ ಒಂದು ಕಾರಣವೆಂಬುದನ್ನು ಆರೋಗ್ಯದ ಚರಿತ್ರೆಯು ಮರೆಯಲಾಗದು.

6

ಪ್ಲೇಗಿನ ಫಲವಾಗಿ ಬೆಂಗಳೂರು ಮೈಸೂರು ನಗರಗಳ ರೂಪವೇ ಬದಲಾಯಿತು. ಬೆಂಗಳೂರು ನಗರ ಮತ್ತು ದಂಡುಪ್ರದೇಶಗಳಲ್ಲಿ ಒಟ್ಟಾಗಿ 1891ರಲ್ಲಿ ಸುಮಾರು 1,80,000 ಇದ್ದ ಜನಸಂಖ್ಯೆಯು 1901ರಲ್ಲಿ ಸುಮಾರು 1,59,000ಕ್ಕೆ ಇಳಿದಿತ್ತು. ಈ ಇಳಿತವೆಲ್ಲ ಮರಣದಿಂದಲೇ ಆದುದಲ್ಲ. ಊರು ಬಿಟ್ಟುಹೋದವರೂ ಇದರಲ್ಲಿ ಸೇರಿದ್ದಾರೆ. ಅದೇ ಹತ್ತು ವರ್ಷಗಳಲ್ಲಿ ಸಂಸ್ಥಾನದ ಒಟ್ಟು ಜನಸಂಖ್ಯೆಯು ಸುಮಾರು 49 ಲಕ್ಷದಿಂದ 55 ಲಕ್ಷಕ್ಕೆ ಏರಿತ್ತೆಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ನಗರಕ್ಕೆ ಬಿದ್ದ ಪೆಟ್ಟಿನ ಅಳತೆ ತಿಳಿಯುತ್ತದೆ. ಹಳೆಯ ಪೇಟೆಯ ಇಕ್ಕಟ್ಟನ್ನು ಕಡಮೆಮಾಡಬೇಕೆಂಬ ಯೋಚನೆಯು ಪ್ಲೇಗಿಗೆ ಮುಂಚೆಯೇ ಇದ್ದಿತು. 1892ರಲ್ಲಿ ಚಾಮರಾಜಪೇಟೆಯು ಏರ್ಪಟ್ಟಿತ್ತು. ಪ್ಲೇಗು ಆ ಯೋಚನೆಗೆ ಅವಸರವನ್ನು ಕೊಟ್ಟಿತು. ನೇರವಾದ ಅಗಲ ಬೀದಿಗಳು, ಮನೆಗಳ ನಡುವೆ ಬಯಲು, ಹಿಂದೆ ಜಾಡಮಾಲಿಗಳ ಓಣಿ ಇವುಗಳೊಡನೆ ಬಸವನಗುಡಿ ಮಲ್ಲೇಶ್ವರಗಳು ಬೆಳೆದವು. 1900ರ ಡಿಸೆಂಬರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯು ತೆರೆಯಿತು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿಯು ಸ್ಥಾಪಿತವಾಯಿತು. ದಂಡುಪ್ರದೇಶದಲ್ಲಿ 1910ರ ಸುಮಾರಿಗೆ ಫ್ರೇಜರ್ ಟೌನ್ ಎಂಬ ಬಡಾವಣೆಯು ಇಲಿ ಸೇರದ ಮನೆಗಳ ಕಲ್ಪನೆಯಿಂದ ರೂಪುಗೊಂಡಿತು.

ಇವೆಲ್ಲವೂ ಶ್ಲಾಘ್ಯವಾದ ಕೆಲಸಗಳೇ. ಜನರಿಗೆ ಉಪದೇಶ ಮಾಡುವುದಕ್ಕಿಂತ ಅವರ ಮನೆಯನ್ನು ಬದಲಾಯಿಸುವುದೇ ಮೇಲೆಂಬ ಅರಿವು ಇವುಗಳಲ್ಲಿದೆ. ಆದರೆ ಆ ಮನೆಗಳಿಗೆ ಹೋದವರು ಯಾರು ಎಂದು ಕೇಳಬೇಕಾಗುತ್ತದೆ. ನಿವೇಶನವನ್ನು ಪಡೆದು, ಗೊತ್ತಾದ ಕ್ರಮದಲ್ಲಿ ಮನೆ ಕಟ್ಟಿಸಿ, ಕೆಲಸಕ್ಕೆ ಅಷ್ಟು ದೂರದಿಂದ ಹೋಗಿಬರಬಲ್ಲವರು ನೌಕರರು, ವಕೀಲರು, ವರ್ತಕರು ಮುಂತಾದವರು. ಮೂಟೆ ಹೊರುವವರೂ ನೇಯುವವರೂ ಪೇಟೆಯ ಹಳೆಯ ಓಣಿಗಳಲ್ಲಿಯೇ ಉಳಿದರು. ಮುಂದಿನ ವರ್ಷಗಳಲ್ಲಿ ಬಡಾವಣೆಗಳ ನಿವಾಸಿಗಳು ಆರೋಗ್ಯವಾಗಿದ್ದುದನ್ನು ಕಂಡವರಿಗೆ ಅದು ಅವರ ಶುಚಿಯಾದ ನಡವಳಿಕೆಯ ಫಲವೆಂದೂ, ಪೇಟೆಯವರು ಕಾಯಿಲೆ ಬಿದ್ದುದು ಅವರ ಕೊಳಕಿನ ಫಲವೆಂದೂ ತೋರಿರಬಹುದು. ಸನ್ನಿವೇಶವು ಕೊಟ್ಟ ವರವು ಹೀಗೆ ಸದ್ಗುಣವಾಗಿ ಕಾಣುತ್ತದೆ; ಸನ್ನಿವೇಶವು ಹೇರಿದ ಹೊರೆಯು ದುರ್ಗುಣವಾಗಿ ಕಾಣುತ್ತದೆ. ಆರೋಗ್ಯದ ಚರಿತ್ರೆಯನ್ನು ಬರೆಯುವವರು ಬಹಳ ಎಚ್ಚರವಾಗಿರಬೇಕಾದ ಸ್ಥಳ ಇದು.

7

1896ರಿಂದ ಮುಂದಿನ ಮೂರು ದಶಕಗಳಲ್ಲಿ ಪ್ಲೇಗು ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. 1920ರ ದಶಕದ ಹೊತ್ತಿಗೆ ಅದರ ಉಗ್ರತೆಯು ತಗ್ಗತೊಡಗಿತ್ತು. ಎಂದರೆ ಸ್ಟ್ರೆಪ್ಟೊಮೈಸಿನ್ ಮತ್ತು ಡಿ. ಡಿ. ಟಿ. ಬಳಕೆಗೆ ಬರುವುದಕ್ಕೆ ಎಷ್ಟೋ ಮೊದಲು. ಇಲಿಗಳಲ್ಲಿಯೇ ರೋಗನಿರೋಧಶಕ್ತಿಯು ಬೆಳೆದುದನ್ನೂ, ಲಸಿಕೆಯನ್ನೂ, ಊರು ಬಿಡುವ ಪದ್ಧತಿಯನ್ನೂ, ಮನೆಗಳ ಸುಧಾರಣೆಯನ್ನೂ ವಿದ್ವಾಂಸರು ಕಾರಣಗಳಾಗಿ ಹೇಳುತ್ತಾರೆ. ಯಾವುದೊಂದಕ್ಕೇ ಯಶಸ್ಸನ್ನು ಕಟ್ಟಿಕೊಡುವುದು ಸರಿಯಲ್ಲ. ನಮ್ಮ ನಾಡಿನಲ್ಲಿ ಕೋಲಾರ ಜಿಲ್ಲೆಯು ಬಹುಕಾಲ ರೋಗದ ನೆಲೆಯಾಗಿ ಉಳಿದು, 1966ರಲ್ಲಿ ಅಲ್ಲಿಯೇ ಕೊನೆಯ ರೋಗಿಗಳು ಕಂಡುಬಂದರು. ಅನಂತರ 1994ರ ವರೆಗೆ ದೇಶದಲ್ಲಿ ಅದರ ಸುದ್ದಿಯಿರಲಿಲ್ಲ.

1994ರ ಸೆಪ್ಟೆಂಬರಿನಲ್ಲಿ ಸೂರತ್ ನಗರದಲ್ಲಿ ಪ್ಲೇಗು ಬಂದಿತೆಂಬ ವಾರ್ತೆ ಹಬ್ಬಿದಾಗ ಲಕ್ಷಾಂತರ ಜನರು ಕೆಲವೇ ದಿನಗಳಲ್ಲಿ ಊರು ಬಿಟ್ಟರು. ಅವರಲ್ಲಿ ಬಹುಮಂದಿ ಬೇರೆ ಪ್ರಾಂತಗಳಿಂದ ಕೆಲಸಕ್ಕೆ ಬಂದಿದ್ದ ಕೂಲಿಕಾರರು. ಅದರ ಮುಂದಿನ ವರ್ಷಗಳಲ್ಲಿ ನಗರಸಭೆಯು ಕಸ, ಚರಂಡಿಗಳ ವ್ಯವಸ್ಥೆಯನ್ನು ಕಟ್ಟುನಿಟ್ಟಾಗಿ ಸುಧಾರಿಸಿದಾಗ ಅದೇ ಜನರ ಅದೇ ಊರು ಶುಚಿತ್ವಕ್ಕೆ ಹೆಸರಾಯಿತು. ಜನರು ಬದಲಾಗಿರಲಿಲ್ಲ, ಕಸವನ್ನು ಒಯ್ಯುವ ಏರ್ಪಾಡು ಬದಲಾಗಿತ್ತು. ಮತ್ತೆ 2020ರ ಮಾರ್ಚಿನಲ್ಲಿ ಕೋವಿಡ್ ರೋಗವು ಬಂದಾಗ ಕರ್ನಾಟಕ ಸರ್ಕಾರವು ನಿಬಂಧನೆಗಳನ್ನು ಹೊರಡಿಸಿದುದು ಅದೇ 1897ರ ಕಾಯಿದೆಯ ಅಡಿಯಲ್ಲಿ. ಈ ಸಲ ಜನರಿಗೆ ವಿಧಿಸಿದ ನಡವಳಿಕೆಯು ಪ್ಲೇಗಿನ ಕಾಲದ ಉಪಾಯಕ್ಕೆ ನೇರ ವಿರುದ್ಧ. ಅಂದು ಮನೆ ಬಿಡಿ ಎಂದುದು, ಇಂದು ಮನೆಯಲ್ಲಿಯೇ ಇರಿ ಎಂದುದು. ರೋಗಗಳು ಹರಡುವ ಕ್ರಮ ಬೇರೆಯಾದುದರಿಂದ ಎರಡೂ ಅದರದರ ಸಂದರ್ಭದಲ್ಲಿ ಯುಕ್ತವಾದವೇ. ಆದರೆ ಎರಡಕ್ಕೂ ಒಂದು ಸಮಾನವಾದ ಪೂರ್ವಾಪೇಕ್ಷೆಯಿತ್ತು. ಬಿಡುವುದಕ್ಕೂ ಇರುವುದಕ್ಕೂ ತಕ್ಕ ಮನೆ ಬೇಕು, ಕೆಲಸ ನಿಂತ ದಿನಗಳಿಗೆ ಊಟ ಬೇಕು. ಒಂದೇ ಕೋಣೆಯಲ್ಲಿ ಏಳೆಂಟು ಜನರು ಬಾಳುವವರಿಗೂ, ದುಡಿದರೆ ಉಣ್ಣುವವರಿಗೂ ಆ ಆಜ್ಞೆಯನ್ನು ಪಾಲಿಸುವುದು ಎಷ್ಟು ಕಷ್ಟವಾಯಿತೆಂಬುದನ್ನು ಹೆದ್ದಾರಿಗಳಲ್ಲಿ ನಡೆದುಹೋದ ಕೂಲಿಕಾರರ ಸಾಲುಗಳು ಎಲ್ಲರಿಗೂ ತೋರಿಸಿಕೊಟ್ಟವು.

8

ಇಷ್ಟು ವಿಚಾರದಿಂದ ನಾವು ಮುಟ್ಟುವ ಅಭಿಪ್ರಾಯವನ್ನು ಸಂಗ್ರಹಿಸಿ ಹೇಳಬಹುದು. ನಡವಳಿಕೆಯು ಆರೋಗ್ಯಕ್ಕೆ ಕಾರಣವಲ್ಲವೆನ್ನುವುದು ಅತಿವಾದ. ಇಲಿ ಬಿದ್ದ ಮನೆಯನ್ನು ಬಿಟ್ಟವನು ಉಳಿದನು, ಬಿಡದವನು ಸತ್ತನು; ಸೂಜಿ ಚುಚ್ಚಿಸಿಕೊಂಡವನಿಗೆ ಅಪಾಯ ಕಡಮೆಯಾಯಿತು. ಇದು ಸಂದೇಹಕ್ಕೆಡೆಯಿಲ್ಲದ ಮಾತು. ಆದರೆ ನಡವಳಿಕೆಯು ತಾನೇ ಒಂದು ಕಾರ್ಯವೂ ಹೌದು. ಅದಕ್ಕೆ ನೆಲ, ಕೂಲಿ, ಮನೆ, ಹಿಂದಿನ ಕ್ಷಾಮದ ನೆನಪು, ಅಧಿಕಾರಿಗಳಲ್ಲಿ ಇಟ್ಟ ಅಥವಾ ಕಳೆದುಕೊಂಡ ನಂಬಿಕೆ ಇವು ಕಾರಣಗಳು. ಆದುದರಿಂದ ಯಾವುದಾದರೊಂದು ಅಭ್ಯಾಸವನ್ನು ರೋಗದ ಕಾರಣವೆಂದು ಹೆಸರಿಸುವಾಗ ಇನ್ನೂ ಎರಡು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಆ ಅಭ್ಯಾಸವು ನಿಜವಾಗಿಯೂ ರೋಗವನ್ನು ಹರಡಿತೆ? ಹರಡಿದ್ದರೆ, ಅದನ್ನು ಬಿಡುವ ಶಕ್ತಿ ಆ ಜನರಿಗೆ ಇದ್ದಿತೆ? 1898ರಲ್ಲಿ ಈ ಎರಡನ್ನೂ ಕೇಳಲಿಲ್ಲ. ಮೊದಲನೆಯದಕ್ಕೆ ಚಿಗಟದ ಸಂಶೋಧನೆಯು ಏಳೆಂಟು ವರ್ಷಗಳ ಮೇಲೆ ಉತ್ತರ ಕೊಟ್ಟಿತು. ಎರಡನೆಯದನ್ನು ಪ್ರತಿಯೊಂದು ಜಾಡ್ಯ ಬಂದಾಗಲೂ ಹೊಸದಾಗಿ ಕೇಳಬೇಕಾಗಿದೆ.

ಪ್ಲೇಗಿನ ಚರಿತ್ರೆಗೆ ಸಾಮಗ್ರಿಯು ಸರ್ಕಾರದ ವರದಿಗಳಲ್ಲಿ ಮಾತ್ರವಲ್ಲದೆ ಊರುಗಳ ನೆನಪಿನಲ್ಲಿಯೂ ಇದೆ. ಹಳ್ಳಿಯ ಹೊರಗೆ ಗುಡಿಸಲು ಹಾಕಿದ್ದ ಬಯಲು ಯಾವುದು, ಆಗ ಯಾರಿಗೆ ಯಾರ ಹೊಲದಲ್ಲಿ ಸ್ಥಳ ದೊರೆಯಿತು, ಯಾರು ಊರಲ್ಲಿಯೇ ಉಳಿದರು ಎಂಬುದನ್ನು ಮನೆಯ ಹಿರಿಯರು ತಮ್ಮ ಹಿರಿಯರಿಂದ ಕೇಳಿ ಬಲ್ಲವರಾಗಿದ್ದಾರೆ. ಆ ಮಾತುಗಳನ್ನು ಕೇಳಿ ಬರೆದಿಡುವ ಕೆಲಸವನ್ನು ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಊರುಗಳಲ್ಲಿ ಕೈಗೊಂಡರೆ ವರದಿಗಳು ‘ಅಭ್ಯಾಸ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟ ಚರಿತ್ರೆಯು ಮನುಷ್ಯರ ಚರಿತ್ರೆಯಾಗಿ ತೆರೆದುಕೊಳ್ಳುವುದು. ಅಗ್ನಿವೇಶನು ಕೇಳಿದ ಪ್ರಶ್ನೆಗೆ ಊರೂರಿನ ಉತ್ತರವನ್ನು ಕೂಡಿಸಬೇಕಾದವರು ನಾವೇ.